ಓರೆಚುಕ್ಕಿ ಮನೆಯವಳು

ನಮ್ಮ ಬಾವುಟಕ್ಕೆ ಸರ್ಕಾರ ಇಟ್ಟ ಹೆಸರೊಂದಿದೆ. ಶಾಲೆಯ ಪುಸ್ತಕದಲ್ಲಿ ಅದು ಒಂದೂವರೆ ಸಾಲು ಹಿಡಿಯುತ್ತದೆ, ಪರೀಕ್ಷೆ ಮುಗಿದ ಮಾರನೆಯ ದಿನ ತಲೆಯಿಂದ ಇಳಿದು ಹೋಗುತ್ತದೆ. ಜನರ ಬಾಯಲ್ಲಿ ಉಳಿದಿರುವುದು ಒಂದೇ ಹೆಸರು: ಓರೆಚುಕ್ಕಿ. ಮೇಲೆ ನೀಲಿ, ಕೆಳಗೆ ಹಸಿರು, ನಟ್ಟನಡುವೆ ಐದು ಮೂಲೆಯ ಹಳದಿ ಚುಕ್ಕಿ. ಆ ಚುಕ್ಕಿ ನೆಟ್ಟಗೆ ನಿಂತಿಲ್ಲ. ಪಕ್ಕದ ಮನೆಯ ಜಗಳ ಕೇಳಿಸಿಕೊಳ್ಳಲು ಗೋಡೆಗೆ ಕಿವಿ ಕೊಟ್ಟವರ ಹಾಗೆ ಬಲಗಡೆಗೆ ವಾಲಿದೆ.

ಬೇರೆಯವರ ಬಾವುಟಗಳ ಅಡ್ಡಹೆಸರಿಗೆ ಏನೇನೋ ಘನವಾದ ಹಿನ್ನೆಲೆ ಇರುತ್ತದೆ. ಒಂದು ದೇಶದ್ದು ಯುದ್ಧದ ನಡುವೆ ಆಕಾಶದಿಂದಲೇ ಬಿತ್ತಂತೆ. ಇನ್ನೊಂದಕ್ಕೆ ಹಡಗಿನ ಕಪ್ತಾನನೊಬ್ಬ ಮುದ್ದಿನಿಂದ ಕರೆದ ಹೆಸರೇ ನಿಂತಿತಂತೆ. ನಮ್ಮದು ಆಕಾಶದಿಂದ ಬೀಳಲಿಲ್ಲ, ಹಡಗಿನಲ್ಲೂ ಬರಲಿಲ್ಲ. ಒಬ್ಬ ದರ್ಜಿಯ ಹೊಲಿಗೆ ಮಿಷನ್ನಿನಿಂದ ಓರೆಯಾಗಿ ಹೊರಗೆ ಬಂತು, ಮುಂದಿನವೆಲ್ಲ ಅದರ ನಕಲಾದವು. ಆ ದರ್ಜಿ ಕತ್ತರಿಯಕ್ಕನ ತಾತ.

ಕತ್ತರಿಯಕ್ಕ ಅಂದರೆ ಸರ್ಕಾರಿ ಬಾವುಟ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಯಜಮಾನಿ. ಐವತ್ತು ದಾಟಿದ, ತೆಳ್ಳಗಿನ, ಒಂದು ಕಡೆ ನಿಲ್ಲಲಾರದ ಹೆಂಗಸು. ಕೂತರೆ ಕಾಲು ಕುಣಿಯುತ್ತದೆ, ನಿಂತರೆ ಕೈ ಏನಾದರೂ ಸರಿಪಡಿಸುತ್ತಿರುತ್ತದೆ. ಯಾರದೋ ಮನೆಗೆ ಹೋದರೆ ಮಾತಿನ ನಡುವೆ ಎದ್ದು ಗೋಡೆಯ ಫೋಟೊ ನೆಟ್ಟಗೆ ಮಾಡಿ ಬಂದು ಕೂರುತ್ತಾಳೆ; ಬ್ಯಾಂಕಿನಲ್ಲಿ ಮುಂದಿನವರ ಕಾಲರು ಮಡಚಿಕೊಂಡಿದ್ದರೆ ಬಿಡಿಸಿಬಿಡುತ್ತಾಳೆ. ಹೀಗೆ ಬಿಡಿಸಲು ಹೋಗಿ ಒಬ್ಬ ಇನ್ಸ್‌ಪೆಕ್ಟರನ ಕೈಯಲ್ಲಿ ಬೈಸಿಕೊಂಡದ್ದೂ ಇದೆ. "ನಿನ್ನ ಹೊಟ್ಟೆಯಲ್ಲಿ ಯಾರೋ ಗಡಿಯಾರ ಮರೆತು ಹೊಲಿದುಬಿಟ್ಟಿದ್ದಾರೆ" ಎನ್ನುತ್ತಾನೆ ಅವಳ ಗಂಡ.

ಇಂಥವಳಿಗೆ ಸಿಕ್ಕ ಕೆಲಸ ನೋಡಿ. ಬೆಳಗಿನಿಂದ ಸಂಜೆಯವರೆಗೂ ಚುಕ್ಕಿಗಳನ್ನು ಅಚ್ಚಿನ ಪ್ರಕಾರ ಓರೆಯಾಗಿ ಇಡುವುದು.

ಆ ಓರೆ ಯಾಕೆ ಬಂತು ಅನ್ನುವುದಕ್ಕೆ ನಮ್ಮಲ್ಲಿ ತಲೆಗೊಂದು ಕಥೆ. ಶಾಲೆಯ ಪುಸ್ತಕದ ಪ್ರಕಾರ ಅದು ನಾಡಿನ ವಿನಯ, ತಲೆಬಾಗಿದ ನಕ್ಷತ್ರ. ಸೈನ್ಯದವರ ಪ್ರಕಾರ ಅದು ವಿನಯವೂ ಅಲ್ಲ ಮಣ್ಣೂ ಅಲ್ಲ, ಮುಂದಕ್ಕೆ ನುಗ್ಗಲು ಸಿದ್ಧವಾದ ಭಂಗಿ. ಕ್ಷೌರದಂಗಡಿಯ ಪ್ರಕಾರ ದರ್ಜಿ ಕುಡಿದಿದ್ದ. ಬಸ್ಸಿನವರ ಪ್ರಕಾರ ಹೊಲಿಯುವಾಗ ಹೆಂಡತಿ ಹಿಂದಿನಿಂದ ಕೂಗಿದಳು, ತಿರುಗಿ ನೋಡಿದ, ಮುಗೀತು. ಕತ್ತರಿಯಕ್ಕನ ಅಮ್ಮ, ಅಂದರೆ ಆ ದರ್ಜಿಯ ಒಬ್ಬಳೇ ಮಗಳು, ಈ ಯಾವುದನ್ನೂ ಒಪ್ಪುವವಳಲ್ಲ. "ಹಳದಿ ಬಟ್ಟೇಲಿ ಒಂದು ಕಲೆ ಇತ್ತು. ಕಲೆ ಹೊಲಿಗೆ ಅಡಿಗೆ ಹೋಗ್ಲಿ ಅಂತ ನಮ್ಮಪ್ಪ ಬೇಕಂತಲೇ ತಿರುಗಿಸಿ ಇಟ್ರು. ತಲೆ ಇದ್ದವರು ಮಾಡೋ ಕೆಲಸ ಅದು" ಎಂದು ಎಂಬತ್ತರ ವಯಸ್ಸಿನಲ್ಲೂ ಬಾಗಿಲಿಗೆ ಬಂದವರಿಗೆಲ್ಲ ಹೇಳುತ್ತಾಳೆ. ಗ್ಯಾಸ್ ಸಿಲಿಂಡರಿನವನು ಅದನ್ನು ಎಷ್ಟು ಸಲ ಕೇಳಿದ್ದಾನೆಂದರೆ ಈಗ ಕಲೆ ಯಾವ ಮೂಲೆಯಲ್ಲಿತ್ತು ಎಂದು ಅವನೇ ನೆನಪಿಸುತ್ತಾನೆ.

ಕಥೆ ಯಾವುದೇ ಇರಲಿ, ಹೆಸರು ಮನೆಗೆ ಅಂಟಿತು. ಓರೆಚುಕ್ಕಿ ಮನೆಯವರು. ಕತ್ತರಿಯಕ್ಕ ಶಾಲೆಗೆ ಹೋಗುವಾಗ ಡ್ರಿಲ್ ಮೇಷ್ಟ್ರು "ಎಲ್ಲರೂ ನೆಟ್ಟಗೆ ನಿಲ್ಲಿ, ನೀನು ನಿನಗೆ ಬಂದ ಹಾಗೆ ನಿಲ್ಲು" ಎನ್ನುತ್ತಿದ್ದರು. ಮದುವೆಯ ಮಾತು ಬಂದಾಗ ಗಂಡಿನ ಕಡೆಯ ಒಬ್ಬ ಚಿಕ್ಕಪ್ಪ, "ಹುಡುಗಿ ಕತ್ತು ಸರಿಯಾಗಿದೆ ತಾನೆ?" ಎಂದು ಕೇಳಿ ತಾನೇ ನಕ್ಕ. ಅವಳ ರೊಟ್ಟಿ, ಅವಳ ಕೈಬರಹ, ಅವಳು ನಿಲ್ಲಿಸಿದ ಸೈಕಲ್ಲು, ಎಲ್ಲದರಲ್ಲೂ ಜನ ತಾತನನ್ನು ಕಂಡರು. ಅವಳು ಮಾತ್ರ ಹಟಕ್ಕೆ ಬಿದ್ದು ಅದೇ ಕಾರ್ಖಾನೆಗೆ ಸೇರಿ, ನೂಲಿನೆಳೆಯಷ್ಟೂ ತಪ್ಪದ ಕೈ ಎಂದು ಹೆಸರು ತೆಗೆದುಕೊಂಡಳು. ಆದರೂ ಏನು? ನೂಲಿನೆಳೆಯಷ್ಟೂ ತಪ್ಪದ ಹಾಗೆ ಓರೆಯಾಗಿ ಇಟ್ಟಳು ಅಷ್ಟೆ.

ಅವಳ ಗಂಡ ನಗರದ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ ಬಾರಿಸುವವನು. ಅವನಿಗೂ ಒಂದು ಅಡ್ಡಹೆಸರಿನ ಕಾಟ ಇತ್ತು, ಆದರೆ ಅದು ದೇಶಕ್ಕೆಲ್ಲ ಹಂಚಿಹೋಗಿದ್ದರಿಂದ ಭಾರ ಕಡಿಮೆ. ನಮ್ಮ ರಾಷ್ಟ್ರಗೀತೆಯನ್ನು ಜನ ಕೆಮ್ಮುಹಾಡು ಎನ್ನುತ್ತಾರೆ. ಮೊಟ್ಟಮೊದಲ ಸಲ ಅದನ್ನು ಗ್ರಾಮಫೋನ್ ಪ್ಲೇಟಿಗೆ ಇಳಿಸುವಾಗ ಎರಡನೆಯ ಸಾಲು ಮುಗಿದು ಮೂರನೆಯದು ಶುರುವಾಗುವ ಮೊದಲಿನ ಬಿಡುವಿನಲ್ಲಿ ಯಾರೋ ಕೆಮ್ಮಿದರು. ಆ ಪ್ಲೇಟೇ ಎಲ್ಲ ಶಾಲೆಗೂ ಹೋಯಿತು. ಮಕ್ಕಳು ಹಾಡಿನ ಜೊತೆ ಕೆಮ್ಮನ್ನೂ ಬಾಯಿಪಾಠ ಮಾಡಿದರು. ಅವರು ದೊಡ್ಡವರಾಗಿ ಮಕ್ಕಳಿಗೆ ಕಲಿಸಿದರು. ಇವತ್ತು ಕ್ರೀಡಾಂಗಣದಲ್ಲಿ ಆ ಜಾಗ ಬಂದರೆ ಇಡೀ ಜನಸ್ತೋಮ ಗಂಭೀರವಾಗಿ ಒಮ್ಮೆ ಕೆಮ್ಮಿ ಮುಂದಕ್ಕೆ ಹೋಗುತ್ತದೆ. ಕೆಮ್ಮಿದವರು ದೇಶದ ಮೊದಲ ಅಧ್ಯಕ್ಷರು, ಗಂಟಲು ತುಂಬಿ ಬಂದಿತ್ತು ಎಂದು ಒಂದು ಪಕ್ಷ. ತುತ್ತೂರಿಯವನು, ಬೀಡಿ ಜಾಸ್ತಿ ಎಂದು ಇನ್ನೊಂದು ಪಕ್ಷ. ಬ್ಯಾಂಡಿನವರು ಎರಡನೆಯ ಪಕ್ಷ.

ಹೀಗಿರುವಾಗ ಒಂದು ಬೆಳಿಗ್ಗೆ ಕಾರ್ಖಾನೆಯ ಮ್ಯಾನೇಜರು ಕತ್ತರಿಸುವ ಮೇಜಿನ ಹತ್ತಿರ ಬಂದು ನಿಂತರು. ಅವರು ಅಲ್ಲಿಗೆ ಬರುವುದು ಯಾರಾದರೂ ನಿವೃತ್ತಿಯಾದಾಗ ಮಾತ್ರ. ಹಾಗಾಗಿ ಎಲ್ಲರೂ ತಮ್ಮ ತಮ್ಮ ವಯಸ್ಸು ಲೆಕ್ಕ ಹಾಕಿದರು.

"ಮೇಲಿಂದ ಒಂದು ಸಮಿತಿ ಮಾಡಿದ್ದಾರೆ" ಎಂದರು ಮ್ಯಾನೇಜರು. "ಹೊರಗಿನ ದೇಶದವರು ಬಂದಾಗ ನಗ್ತಾರಂತೆ. ಚುಕ್ಕಿ ನೆಟ್ಟಗೆ ಮಾಡ್ಬೇಕು, ಹಾಡಿಂದ ಕೆಮ್ಮು ತೆಗೀಬೇಕು ಅಂತ ತೀರ್ಮಾನ. ಹಳೇ ಅಚ್ಚು ಇವತ್ತೇ ತಗೊಂಡು ಹೋಗ್ತಾರೆ. ಮೊದಲನೇ ನೆಟ್ಟಗಿನ ಬಾವುಟ ಹೊಸ ಕ್ರೀಡಾಂಗಣದ್ದು. ಅದನ್ನ ಅಕ್ಕನೇ ಮಾಡ್ಬೇಕು ಅಂತ ಸಮಿತಿಯವರ ಆಸೆ."

"ನಾನೇ ಯಾಕೆ ಸಾರ್?"

"ಆ ಮನೆಯವರ ಕೈಯಿಂದ್ಲೇ ಸರಿ ಹೋಯ್ತು ಅಂತ ಪೇಪರಲ್ಲಿ ಬಂದ್ರೆ ಚೆನ್ನಾಗಿರುತ್ತಂತೆ."

ಇಸ್ತ್ರಿ ಮೇಜಿನವನು, ಕಾರ್ಖಾನೆಯಲ್ಲಿ ಬಾಯಿಗೆ ಬೀಗ ಇಲ್ಲದ ಒಬ್ಬನೇ ಗಂಡಸು, ಆವಿಯ ನಡುವಿನಿಂದ ಹೇಳಿದ: "ಅಂತೂ ಅಕ್ಕನಿಗೆ ಬಿಡುಗಡೆ. ಇನ್ನು ಮೇಲೆ ರೊಟ್ಟಿ ಓರೆಯಾದ್ರೆ ಅದು ಅಕ್ಕಂದೇ ತಪ್ಪು, ತಾತನ ಮೇಲೆ ಹಾಕೋ ಹಾಗಿಲ್ಲ."

ಎಲ್ಲರೂ ನಕ್ಕರು. ಕತ್ತರಿಯಕ್ಕನೂ ನಕ್ಕಳು. ಬಹಳ ವರ್ಷಗಳ ನಂತರ ಓರೆಯ ಮಾತಿಗೆ ಅವಳು ಮನಸಾರೆ ನಕ್ಕದ್ದು ಅದೇ ಮೊದಲು. ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಾಗದೆ ಕಂಬ ಹಿಡಿದು ನಿಂತೇ ಬಂದಳು. ಇನ್ನು ತನ್ನ ಮನೆಗೆ ಹೆಸರಿರುವುದಿಲ್ಲ. ಎಲ್ಲರ ಮನೆಯ ಹಾಗೆ ಒಂದು ಮನೆ. ಎಷ್ಟು ಹಾಯಾದ ಮಾತು. ಹಾಗಿದ್ದೂ ಇಳಿಯುವ ಜಾಗ ಬಂದಾಗ ಕಂಬ ಬಿಡದೆ ಒಂದು ಸ್ಟಾಪು ಮುಂದೆ ಹೋಗಿ ಇಳಿದಳು.

ಮನೆಗೆ ಬಂದು ಹೇಳಿದಾಗ ಅಮ್ಮ ಬಟಾಣಿ ಬಿಡಿಸುತ್ತಿದ್ದಳು. ಬಿಡಿಸುತ್ತಿದ್ದ ಕೈ ನಿಂತಿತು.

"ಯಾರು ಕತ್ತರಿಸ್ತಾರೆ?"

"ನಾನೇ."

"ನಮ್ಮಪ್ಪ ಇಟ್ಟ ಚುಕ್ಕೀನ ನೀನು ತೆಗೀತೀಯ."

"ತೆಗೆಯೋದಲ್ಲಮ್ಮ, ನೆಟ್ಟಗೆ ಮಾಡೋದು."

"ಎರಡೂ ಒಂದೇ ಕಣೇ. ಅವರು ಬಿಟ್ಟು ಹೋದದ್ದು ಏನಿದೆ ಹೇಳು. ಹೊಲ ಇಲ್ಲ, ಮನೆ ಇಲ್ಲ, ಒಂದು ಫೋಟೊ ಇತ್ತು, ಅದನ್ನ ಗೆದ್ದಲು ತಿಂತು. ಇರೋದು ಅದೊಂದು ಓರೆ. ಎಲ್ಲಾ ಕಂಬದ ಮೇಲೂ ನಮ್ಮಪ್ಪ ಇದ್ದಾರೆ ಅಂತ ನಾನು ಇದುವರೆಗೂ ತಲೆಯೆತ್ತಿ ನಡೆದಿದ್ದೀನಿ."

"ನೀನು ತಲೆಯೆತ್ತಿ ನಡೆದೆ, ನಾನು ತಲೆ ತಗ್ಗಿಸಿ ನಡೆದೆ. ಒಂದೇ ಚುಕ್ಕಿ ನೋಡಿ."

"ಅದಕ್ಕೇ ನಿನಗೆ ಕತ್ತು ನೋವು ಬರೋದು" ಎಂದು ಅಮ್ಮ ಬಟಾಣಿಯ ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಅವತ್ತಿನಿಂದ ಮಗಳ ಜೊತೆ ಮಾತು ಬಿಟ್ಟಳು. ಬಿಟ್ಟಳು ಅಂದರೆ ಪೂರ್ತಿ ಅಲ್ಲ. ಅಳಿಯನ ಮೂಲಕ ಆಡಿದಳು. "ಅಳಿಯಂದ್ರೇ, ಉಪ್ಪು ಸಾಕಾ ಅಂತ ಕೇಳಿ ಅವಳನ್ನ." ಎದುರಿಗೇ ಕೂತ ಹೆಂಡತಿಗೆ ಅಳಿಯ, "ಉಪ್ಪು ಸಾಕಾ?" ಎಂದು ಕೇಳುತ್ತಿದ್ದ. "ಸಾಕು ಅಂತ ಹೇಳಿ" ಎನ್ನುತ್ತಿದ್ದಳು ಅವಳು. ಬಡಪಾಯಿ ಊಟದ ಹೊತ್ತಿಗೆ ಅಂಚೆಯವನಾಗಿಬಿಟ್ಟ.

ಅವನಿಗೂ ಅವನದೇ ತಲೆನೋವು. ಬ್ಯಾಂಡಿನಲ್ಲಿ ಕೆಮ್ಮಿಲ್ಲದೆ ಅಭ್ಯಾಸ ಶುರುವಾಗಿತ್ತು. "ಏನು ಹೇಳ್ಲಿ ನಿನಗೆ" ಎಂದ ಹೆಂಡತಿಯ ಹತ್ತಿರ. "ಆ ಜಾಗ ಬಂದ ತಕ್ಷಣ ಎಲ್ಲರೂ ಉಸಿರು ಹಿಡ್ಕೊಂಡು ಕೂತಿರ್ತೀವಿ. ಕೆಮ್ಮು ಬರಲ್ಲ. ಕೆಮ್ಮು ಬರದೆ ಇದ್ರೆ ಮುಂದಿನ ಸಾಲು ಎಲ್ಲಿಂದ ಎತ್ತಬೇಕೋ ಯಾರಿಗೂ ಗೊತ್ತಾಗಲ್ಲ. ಕೊಳಲಿನವರು ಮೊದಲು ಹೋಗ್ತಾರೆ, ತುತ್ತೂರಿಯವರು ಆಮೇಲೆ ಬರ್ತಾರೆ, ನಾನು ಇಬ್ಬರನ್ನೂ ಹುಡುಕ್ತಾ ಇರ್ತೀನಿ. ನಮ್ಮ ಮಾಸ್ಟರು ಇವತ್ತು ಕೋಲು ಬಿಸಾಕಿ, 'ಮನಸ್ಸಿನಲ್ಲೇ ಕೆಮ್ಮಿಕೊಳ್ರಪ್ಪ' ಅಂದ್ರು."

ಕತ್ತರಿಯಕ್ಕನಿಗೆ ನಗು ಬರಲಿಲ್ಲ. ಅವಳು ಕಿಟಕಿಯ ಪರದೆಯ ಎರಡು ಅಂಚೂ ಸಮ ಇದೆಯಾ ಎಂದು ನೋಡುತ್ತಿದ್ದಳು. ಸಮ ಇತ್ತು. ಆದರೂ ಎಳೆದಳು. ಈಗ ಸಮ ಇರಲಿಲ್ಲ.

ಸುದ್ದಿ ಪೇಪರಿಗೆ ಬಂದ ಮೇಲೆ ಇನ್ನೊಂದು ವಿಚಿತ್ರ ಆಯಿತು. ಇಷ್ಟು ವರ್ಷ ಅವಳನ್ನು ಓರೆ ಎಂದು ಆಡಿಕೊಂಡವರೇ ಈಗ ಮುಖ ಸಣ್ಣದು ಮಾಡಿಕೊಂಡರು. ಬಸ್ಸಿನಲ್ಲಿ ದಿನಾ "ಬನ್ನಿ, ವಾಲಿಕೊಂಡು ನಿಲ್ಲಿ, ಜಾಗ ಆಗುತ್ತೆ" ಎನ್ನುತ್ತಿದ್ದ ಕಂಡಕ್ಟರು ಒಂದು ದಿನ ಟಿಕೆಟ್ಟು ಕೊಟ್ಟು ಏನೂ ಅನ್ನದೆ ಮುಂದೆ ಹೋದ. ಹೋದವನು ವಾಪಸು ಬಂದು, "ಅಕ್ಕ, ಬೇಜಾರು ಮಾಡ್ಕೋಬೇಡಿ. ನಿಮ್ಮ ತಾತಂದು ಅಂತ ನಾವು ತಮಾಷೆ ಮಾಡ್ತಿದ್ವಿ ನಿಜ. ಅದನ್ನ ತೆಗೀರಿ ಅಂತ ಯಾರು ಹೇಳಿದ್ರು?" ಎಂದ. ಎದುರು ಮನೆಯ ಟೀಚರಮ್ಮ, "ನಮ್ಮ ಮಕ್ಕಳಿಗೆ ಬಾವುಟ ಬರೆಯೋದು ಈಗ ಕಷ್ಟ ಆಗುತ್ತೆ ನೋಡಿ. ನೆಟ್ಟಗೆ ಬರೆಯೋಕೆ ಅವಕ್ಕೆ ಬರಲ್ಲ, ಓರೆ ಅಂದ್ರೆ ಹೇಗೆ ಬರೆದ್ರೂ ಮಾರ್ಕು ಸಿಗ್ತಿತ್ತು" ಎಂದು ನಿಟ್ಟುಸಿರಿಟ್ಟಳು. ಗಾಯ ಮಾಡಿದವರೇ ಬಂದು ಗಾಯ ಎಲ್ಲಿ ಹೋಯಿತು ಎಂದು ಕೇಳಿದರೆ ಏನು ಹೇಳುವುದು? ಕತ್ತರಿಯಕ್ಕ ಎಲ್ಲರಿಗೂ "ಮೇಲಿನವರ ಆರ್ಡರು" ಅಂದಳು. ರಾತ್ರಿ ಮಗ್ಗುಲು ಬದಲಿಸಿ ಬದಲಿಸಿ ಹೊದಿಕೆಯನ್ನು ಹಗ್ಗದ ಹಾಗೆ ಹೊಸೆದಿಟ್ಟಳು.

ಪರೀಕ್ಷೆಯ ದಿನ ಬಂತು. ಅವತ್ತು ಮಧ್ಯಾಹ್ನದೊಳಗೆ ಸಮಿತಿಯವರು ಕಾರ್ಖಾನೆಗೆ ಬಂದು ಒಪ್ಪಬೇಕು, ಸಂಜೆ ಕ್ರೀಡಾಂಗಣದಲ್ಲಿ ಬಾವುಟ ಏರಬೇಕು. ಬೆಳಿಗ್ಗೆ ಕತ್ತರಿಯಕ್ಕ ಚಪ್ಪಲಿ ಮೆಟ್ಟಿ ಬಾಗಿಲವರೆಗೆ ಹೋದವಳು ಚಪ್ಪಲಿ ಬಿಟ್ಟು ಒಳಗೆ ಬಂದಳು. ಅಮ್ಮ ಕುರ್ಚಿಯಲ್ಲಿ ಗೋಡೆ ನೋಡುತ್ತ ಕೂತಿದ್ದಳು. ಅಳಿಯ ಅಭ್ಯಾಸಕ್ಕೆ ಹೋಗಿದ್ದ. ಮಾತು ದಾಟಿಸಲು ಯಾರೂ ಇರಲಿಲ್ಲ.

"ಅಮ್ಮ, ಒಂದು ಮಾತು. ತಾತ ನಿಜವಾಗಿ ಬೇಕಂತಲೇ ಓರೆ ಇಟ್ಟಿದ್ರೆ ನಾನು ಈ ಕೆಲಸ ಮಾಡಲ್ಲ. ಹುಷಾರಿಲ್ಲ ಅಂತ ಹೇಳಿ ಕಳಿಸ್ತೀನಿ, ಬೇರೆ ಯಾರಾದ್ರೂ ಮಾಡ್ಕೊಳ್ಳಿ. ಆದ್ರೆ ನನ್ನ ತಲೆ ಮೇಲೆ ಕೈಯಿಟ್ಟು ಹೇಳು. ಕಲೆ ಇತ್ತಾ?"

ಅಮ್ಮ ಹೂಂ ಅಂದುಬಿಟ್ಟಿದ್ದರೆ ಗೆದ್ದುಬಿಡುತ್ತಿದ್ದಳು. ಮಗಳು ಮುಂದೆ ಚಾಚಿದ ತಲೆಯ ಕಡೆ ಕೈ ಎತ್ತಿದಳು, ಬೈತಲೆ ಸರಿಮಾಡಿ ಕೈ ಕೆಳಗಿಳಿಸಿದಳು.

"ಕಲೆಯೂ ಇಲ್ಲ ಏನೂ ಇಲ್ಲ" ಎಂದಳು. "ಅವಸರ. ಬೆಳಗಾದ್ರೆ ಬಾವುಟ ಏರಿಸ್ಬೇಕು, ಗಳಿಗೆಗೊಬ್ಬ ಸರ್ಕಾರದವನು ಬಂದು ಆಯ್ತಾ ಆಯ್ತಾ ಅಂತಿದ್ದ. ಹೊಲಿದು ಎತ್ತಿ ಹಿಡಿದು ನೋಡಿದ್ರೆ ಓರೆ. ಅಯ್ಯೋ, ಬಿಚ್ಚಿ ಹೊಲಿಯೋಣ, ಕಣ್ಣು ಉರೀತಿದೆ, ಒಂದು ಲೋಟ ಟೀ ಕುಡಿದು ಬರ್ತೀನಿ ಅಂತ ಎದುರಂಗಡಿಗೆ ಹೋದ್ರು. ಬರೋ ಅಷ್ಟರಲ್ಲಿ ಜೀಪಿನವರು ಎತ್ಕೊಂಡು ಹೋಗಿದ್ರು. ನಾನು ಅಲ್ಲೇ ಆಟ ಆಡ್ತಾ ಕೂತಿದ್ದೆ. ಕೊಡಬೇಡಿ ಅನ್ನೋಕೆ ನನಗೆ ಗೊತ್ತಾಗ್ಬೇಕಲ್ಲ."

"ಆಮೇಲೆ?"

"ಆಮೇಲೆ ಏನು? ಜೀಪಿನ ಹಿಂದೆ ಸೂಜಿ ಹಿಡ್ಕೊಂಡು ಓಡಿದ್ರು. ಸಿಗಲಿಲ್ಲ. ಸಾಯೋವರೆಗೂ ಕಂಬ ಕಂಡ್ರೆ ನಿಲ್ಲೋರು. ಏಣಿ ಸಿಕ್ಕಿದ್ರೆ ಒಂದು ಗಳಿಗೆ ಕೆಲಸ ಅನ್ನೋರು. ಕುಡುಕ ಅಂತ ಊರೆಲ್ಲ ಆಡ್ಕೊಂಡಾಗ ನಾನೇ ಕಲೆ ಕಥೆ ಕಟ್ಟಿದೆ. ಅವರಿಗೂ ಹೇಳಿದ್ದೆ, ಹೀಗನ್ನಿ ಅಂತ. ಅವರ ಬಾಯಲ್ಲಿ ಅದು ಬರಲೇ ಇಲ್ಲ." ಅಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಹೋಗು. ಬಿಚ್ಚಬೇಕು ಅಂತಿದ್ರು. ಬಿಚ್ಚು. ಇನ್ನೇನು ಮತ್ತೆ."

ಹೀಗೆ ಕತ್ತರಿಯಕ್ಕ ಆ ದಿನ ಕಾರ್ಖಾನೆಗೆ ಹೋದದ್ದು ಸಮಿತಿಯ ಕೆಲಸಕ್ಕಲ್ಲ, ತಾತನ ಬಾಕಿ ಕೆಲಸಕ್ಕೆ. ಬಸ್ಸು ಇಳಿದವಳು ನಡೆಯಲಿಲ್ಲ, ಓಡಿದಳು.

ಕಾರ್ಖಾನೆಯ ಅಂಗಳದ ಗೋಡೆಗೆ ದೊಡ್ಡ ಬಾವುಟವನ್ನು ನಾಲ್ಕು ಮೂಲೆ ಎಳೆದು ಕಟ್ಟಿದ್ದರು. ಚುಕ್ಕಿಯೊಂದೇ ಬಂಡಿ ಗಾಲಿಯಷ್ಟು ಅಗಲ. ಎದುರಿಗೆ ಕುರ್ಚಿ ಹಾಕಿ ಸಮಿತಿಯವರು ಕೂತರು: ನಡುವೆ ಅಧ್ಯಕ್ಷರು, ಪಕ್ಕದಲ್ಲಿ ಕನ್ನಡಕದ ಮೇಡಂ, ಆಚೆ ಈಚೆ ಹೂಂಗುಟ್ಟುವವರು. ಕತ್ತರಿಯಕ್ಕ ಏಣಿ ಹತ್ತಿ, ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು, ಚುಕ್ಕಿಯ ಮೇಲಿನ ಮೂಲೆ ಆ ದಾರಕ್ಕೆ ಸರಿಯಾಗಿ ಬರುವ ಹಾಗೆ ಇಟ್ಟು, ಗುಂಡುಸೂಜಿ ಚುಚ್ಚಿದಳು. ಆಯ್ತು ತಾತ, ಎಂದುಕೊಂಡಳು. ಏಣಿ ಇಳಿದು ಪಕ್ಕಕ್ಕೆ ನಿಂತಳು.

ಅಧ್ಯಕ್ಷರ ತಲೆ ಮೆಲ್ಲಗೆ ಎಡಕ್ಕೆ ವಾಲಿತು. ಮೇಡಂ ತಲೆಯೂ ವಾಲಿತು. ನೋಡನೋಡುತ್ತ ಇಡೀ ಸಾಲು ಗಾಳಿಗೆ ಬಾಗಿದ ಜೋಳದ ಹಾಗೆ ಒಂದೇ ಕಡೆ ಬಾಗಿತು.

"ಎಡಕ್ಕೆ ಬಿದ್ದಿದೆ" ಎಂದರು ಅಧ್ಯಕ್ಷರು.

"ಇಲ್ಲ ಸಾರ್, ನೆಟ್ಟಗಿದೆ. ದಾರ ನೋಡಿ."

"ದಾರ ನೆಟ್ಟಗಿದೆ ಬಿಡಿ. ಚುಕ್ಕಿ ಬಿದ್ದಿದೆ."

"ಗೋಡೆಯೇ ಓರೆ ಇರಬಹುದಾ?" ಎಂದರು ಮೇಡಂ. ಮ್ಯಾನೇಜರು ಮೇಸ್ತ್ರಿಯನ್ನು ಕರೆಸಿ ಗೋಡೆ ಅಳೆಸಿದರು. ಗೋಡೆ ಸರಿಯಾಗಿತ್ತು, ಮೇಸ್ತ್ರಿ ಮಾತ್ರ ಹೋಗುವಾಗ, "ಗೋಡೆಗೇನೂ ಆಗಿಲ್ಲ, ಆ ಚುಕ್ಕಿ ಯಾರು ಹಾಕಿದ್ದು, ಸೊಟ್ಟಗಿದೆಯಲ್ಲ" ಎಂದು ಹೇಳಿ ಹೋದ.

"ಸ್ವಲ್ಪ ಬಲಕ್ಕೆ ತಿರುಗಿಸಿ ನೋಡೋಣ" ಎಂದರು ಅಧ್ಯಕ್ಷರು.

ಕತ್ತರಿಯಕ್ಕ ಹತ್ತಿದಳು, ತಿರುಗಿಸಿದಳು, ಇಳಿದಳು.

"ಇನ್ನೂ ಒಂಚೂರು."

ಹತ್ತಿದಳು, ಇಳಿದಳು.

"ಈಗ ವಾಸಿ. ಆದ್ರೂ ಏನೋ ಒಂಥರಾ ಇದೆ. ಇನ್ನೂ ಒಂದು ಎಳೆ."

"ಮೇಡಂ, ಈಗ ನಿಮಗೆ?"

"ನನಗೆ ಮೊದಲಿನದಕ್ಕಿಂತ ಸಮಾಧಾನ. ಆದ್ರೆ ಪೂರ್ತಿ ಸಮಾಧಾನ ಅಲ್ಲ."

ಹೊಸ ಮನೆಯಲ್ಲಿ ಫೋಟೊ ತೂಗುಹಾಕುವಾಗ ಗಂಡ ಸ್ಟೂಲಿನ ಮೇಲೆ, ಹೆಂಡತಿ ಸೋಫಾದ ಮೇಲೆ ಇರುತ್ತಾರಲ್ಲ, ಹಾಗಾಯಿತು. ಅಷ್ಟು ಹೊತ್ತಿಗೆ ಬಿಸಿಲು ಗೋಡೆಯ ಮೇಲೆ ಬಂದಿತ್ತು. ಕತ್ತರಿಯಕ್ಕನ ಮೊಣಕಾಲು ಹಿಡಿದುಕೊಂಡಿತು. ಒಳಗಿನಿಂದ ಇಣುಕಿದ ಇಸ್ತ್ರಿಯವನು ಯಾರಿಗೂ ಅಲ್ಲದ ಹಾಗೆ, "ಇನ್ನು ಎರಡು ಸಲ ತಿರುಗಿಸಿದ್ರೆ ಹಳೇ ಜಾಗಕ್ಕೇ ಬರುತ್ತೆ" ಎಂದ. ಮ್ಯಾನೇಜರು ಅವನ ಕಡೆ ನೋಡಿದ ನೋಟಕ್ಕೆ ಬಟ್ಟೆ ಇಸ್ತ್ರಿಯಾಗಬೇಕಿತ್ತು.

ಮಾತು ಆಡಿಯಾಗಿತ್ತು. ಅಧ್ಯಕ್ಷರ ಕಿವಿ ಕೆಂಪಾಯಿತು. ನೆಟ್ಟಗೆ ಮಾಡಲು ಬಂದವರು ಓರೆಯಾಗಿ ಇಡಿ ಅನ್ನುವ ಹಾಗಿಲ್ಲ. ನೆಟ್ಟಗೆ ಇಡಿ ಅಂದರೆ ಸಂಜೆ ಕ್ರೀಡಾಂಗಣದಲ್ಲಿ ಇಡೀ ದೇಶ ಕತ್ತು ವಾಲಿಸಿ ನಿಲ್ಲುತ್ತದೆ. ಅವರು ಗಡಿಯಾರ ನೋಡಿಕೊಂಡು ಎದ್ದರು.

"ನೋಡಮ್ಮ, ನೀವು ಅನುಭವಸ್ಥರು. ನಿಮಗೆ ಯಾವುದು ಸರಿ ಅನ್ಸುತ್ತೋ ಹಾಗೆ ಇಟ್ಟು ಹೊಲಿದುಬಿಡಿ. ನಾವು ಊಟ ಮುಗಿಸಿ ಬಂದು ಒಪ್ಪಿಗೆ ಕೊಡ್ತೀವಿ."

"ಯಾವ ಕಡೆಗೆ ಸಾರ್?"

"ಸರಿಯಾದ ಕಡೆಗೆ" ಎಂದು ಅಧ್ಯಕ್ಷರು ಬೇಗ ಬೇಗ ನಡೆದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಕೋಲನ್ನು ಕತ್ತರಿಯಕ್ಕನ ಕೈಗೆ ಕೊಟ್ಟು ಹೋದರು ಅಷ್ಟೆ.

ಬಾವುಟವನ್ನು ಬಿಚ್ಚಿ ಒಳಗಿನ ಮೇಜಿನ ಮೇಲೆ ಹರಡಿಕೊಂಡಳು. ಚುಕ್ಕಿಯನ್ನು ಕೈಯಲ್ಲಿ ಹಿಡಿದಳು. ಹಳೆಯ ಅಚ್ಚು ಇರಲಿಲ್ಲ, ಎದುರಿಗೆ ಕೂತು ನೋಡುವವರೂ ಇರಲಿಲ್ಲ. ತಾತನಿಗೆ ಜೀವಮಾನದಲ್ಲಿ ಸಿಗದಿದ್ದ ಆ ಒಂದು ಗಳಿಗೆ ಅವಳ ಮುಂದೆ ಮೇಜಿನಷ್ಟು ಅಗಲವಾಗಿ ಬಿದ್ದಿತ್ತು. ನೆಟ್ಟಗೆ ಇಟ್ಟಳು. ಟೇಪು ಹಿಡಿದು ನೋಡಿದಳು, ಕೂದಲೆಳೆಯಷ್ಟೂ ತಪ್ಪಿಲ್ಲ. ದೂರ ಹೋಗಿ ನೋಡಿದಳು. ಮೇಜಿನ ಆ ಕಡೆಯಿಂದ, ಈ ಕಡೆಯಿಂದ, ಸ್ಟೂಲು ಹತ್ತಿ ನೋಡಿದಳು. ಅವಳ ಕತ್ತು ತಾನಾಗಿಯೇ ವಾಲುತ್ತಿತ್ತು. ಕೈಯಿಂದ ಗದ್ದ ಹಿಡಿದು ನೆಟ್ಟಗೆ ಮಾಡಿಕೊಂಡು ನೋಡಿದರೂ ಚುಕ್ಕಿ ಬೀಳುತ್ತಲೇ ಇತ್ತು. ಬದುಕಿಡೀ ಯಾವುದನ್ನು ಕಂಡು ನಾಚಿದಳೋ, ಅವಳ ಕಣ್ಣಿಗೆ ನೆಟ್ಟಗೆ ಅಂದರೆ ಅದೇ ಆಗಿಹೋಗಿತ್ತು.

"ಯಾಕಕ್ಕ, ದೇವರ ಮುಂದೆ ನಿಂತ ಹಾಗೆ ನಿಂತ್ಬಿಟ್ರಿ?" ಎಂದ ಇಸ್ತ್ರಿಯವನು.

"ಇಲ್ಲಿ ಬಾ. ನಿನ್ನ ಬಾಯಿಗೆ ಬಂದದ್ದು ಹೇಳು. ಇದನ್ನ ನೋಡಿದ್ರೆ ಏನನ್ಸುತ್ತೆ?"

ಅವನು ಹತ್ತಿರ ಬಂದು ನೋಡಿದ. ತಮಾಷೆ ಹುಡುಕಿದ, ಸಿಗಲಿಲ್ಲ.

"ಯಾರೋ ಬೈದು ನಿಲ್ಲಿಸಿದ ಹಾಗಿದೆ ಅಕ್ಕ. ಪಾಪ ಅನ್ಸುತ್ತೆ."

ಕತ್ತರಿಯಕ್ಕ ಚುಕ್ಕಿಯ ಮೇಲೆ ಅಂಗೈಯಿಟ್ಟಳು. "ಕ್ಷಮಿಸಿ ತಾತ, ನಿಮ್ಮ ಕೆಲಸ ಆಗಲ್ಲ" ಎಂದು ಜೋರಾಗಿಯೇ ಹೇಳಿದಳು. ಬಲಕ್ಕೆ ತಿರುಗಿಸಿದಳು. ಇಷ್ಟು ವರ್ಷ ಅಚ್ಚಿನ ಪ್ರಕಾರ ಇಟ್ಟದ್ದನ್ನು ಈಗ ಕಣ್ಣಳತೆಯಲ್ಲಿ ಇಟ್ಟಳು. ಅದು ತಪ್ಪಲ್ಲ, ಅವಸರವೂ ಅಲ್ಲ. ಅವಳು ಬೇಕಂತಲೇ ಇಟ್ಟದ್ದು. ಕಚ್ಚಾ ಹೊಲಿಗೆ ಹಾಕಿದಳು, ಮಿಷನ್ನಿಗೆ ಕೂತು ಅಂಚಿಗೊಂದು ಸುತ್ತು, ಅದರೊಳಗೆ ಇನ್ನೊಂದು ಸುತ್ತು ಹೊಡೆದಳು. ಮುಗಿಯುವವರೆಗೂ ನೀರಿಗೂ ಏಳಲಿಲ್ಲ.

ಸಮಿತಿಯವರು ಊಟ ಮುಗಿಸಿ ಬಂದು ನೋಡಿದರು. ಎಲ್ಲರ ಕತ್ತೂ ನೆಟ್ಟಗೆ ನಿಂತಿತು. "ಈಗ ನೋಡಿ ಎಷ್ಟು ನೇರವಾಗಿದೆ" ಎಂದರು ಅಧ್ಯಕ್ಷರು. ಮೇಡಂ ಹೌದು ಎಂದರು. ಹೂಂಗುಟ್ಟುವವರು ಹೂಂಗುಟ್ಟಿದರು. ಮ್ಯಾನೇಜರು ಮಾತ್ರ ಕೆಮ್ಮಿದರು, ಅದೂ ಅಭ್ಯಾಸಬಲದಿಂದ ಇರಬೇಕು.

ಕತ್ತರಿಯಕ್ಕ ಮನೆಗೆ ಬಂದಾಗ ಟಿವಿಯಲ್ಲಿ ಕ್ರೀಡಾಂಗಣ ತೋರಿಸುತ್ತಿದ್ದರು. ಅಮ್ಮ ಟಿವಿಗೆ ಬೆನ್ನು ಮಾಡಿ ಕೂತಿದ್ದಳು.

"ತಿರುಗಿ ನೋಡಮ್ಮ."

"ನೋಡಲ್ಲ. ಬಿಚ್ಚು ಅಂದೆ, ಬಿಚ್ಚಿದ್ದೀಯ, ಒಳ್ಳೇದಾಯ್ತು. ನೋಡು ಅಂತ ಬಲವಂತ ಮಾಡಬೇಡ."

"ಬಿಚ್ಚಿಲ್ಲ."

ಅಮ್ಮ ಕುರ್ಚಿ ಸಮೇತ ತಿರುಗಿದಳು. ಬ್ಯಾಂಡು ಶುರುವಾಯಿತು, ಮೂಲೆಯಲ್ಲಿ ಡ್ರಮ್ಮಿನ ಹಿಂದೆ ಅಳಿಯನ ಅರ್ಧ ಮುಖ ಕಂಡಿತು. ಬಾವುಟ ಏರುತ್ತಿತ್ತು, ಗಾಳಿ ಚೆನ್ನಾಗಿತ್ತು, ಹಳದಿ ಚುಕ್ಕಿ ಬಿಚ್ಚಿಕೊಂಡಿತು. ಎರಡನೆಯ ಸಾಲು ಮುಗಿಯಿತು. ಬ್ಯಾಂಡಿನವರು ಮನಸ್ಸಿನಲ್ಲೇ ಕೆಮ್ಮಿಕೊಂಡರೋ ಏನೋ, ಕ್ರೀಡಾಂಗಣದ ಜನ ಮಾತ್ರ ಎಲ್ಲರೂ ಸೇರಿ ಬಾಯಿಬಿಟ್ಟೇ ಕೆಮ್ಮಿದರು, ಮೂರನೆಯ ಸಾಲು ಸಲೀಸಾಗಿ ಎದ್ದು ಹೊರಟಿತು.

ಅಮ್ಮ ಕಣ್ಣು ಕಿರಿದು ಮಾಡಿಕೊಂಡು ನೋಡಿದಳು. ಕೈಯೆತ್ತಿ ಗಾಳಿಯಲ್ಲಿ ಓರೆ ಹಿಡಿದು ಅಳೆದಳು.

"ಅಪ್ಪಂದು ಇನ್ನೂ ಒಂಚೂರು ವಾಲಿತ್ತು" ಎಂದಳು.

"ಇಲ್ಲಮ್ಮ. ಅಷ್ಟೇ ಇದೆ."

"ಇಷ್ಟೂ ದಿನ ನೋಡಿದ್ದೀನಿ ಕಣೇ. ಒಂದು ಎಳೆ ಕಮ್ಮಿ."

"ಕ್ಯಾಮೆರಾ ಓರೆ ಇರುತ್ತೆ."

"ಕ್ಯಾಮೆರಾ ಸರಿಯಾಗೇ ಇದೆ.  ಅಳಿಯಂದ್ರ ಮುಖ ನೆಟ್ಟಗೆ ಕಾಣ್ತಿದೆಯಲ್ಲ."

ಕತ್ತರಿಯಕ್ಕ ಕೂತಲ್ಲಿಂದ ಎದ್ದಳು. ಟಿವಿಯ ಹತ್ತಿರ ಹೋದಳು. ಬೆರಳನ್ನು ಗಾಜಿನ ಮೇಲೆ ಚುಕ್ಕಿಯ ಮೂಲೆಗೆ ಹಿಡಿದು, ಇನ್ನೊಂದು ಕೈಯ ಗೇಣಿನಿಂದ ಅಳತೆ ತೆಗೆದಳು. ಬಟ್ಟೆ ಗಾಳಿಗೆ ಮಡಚಿತು, ಬಿಚ್ಚಿತು, ಮತ್ತೆ ಮಡಚಿತು. ಒಂದು ಸಲ ಅಷ್ಟೇ ಇದೆ ಅನ್ನಿಸಿತು. ಇನ್ನೊಂದು ಸಲ ಒಂದು ಎಳೆ ಕಮ್ಮಿ ಅನ್ನಿಸಿತು. ಎರಡು ಸುತ್ತು ಹೊಲಿಗೆ ಹಾಕಿದ್ದಾಗಿತ್ತು, ಬಾವುಟ ದೇಶದ ಎಲ್ಲರಿಗಿಂತ ಎತ್ತರದಲ್ಲಿತ್ತು. ಅವಳ ಬೆರಳು ಗಾಜಿನ ಮೇಲೆ ಚುಕ್ಕಿಯನ್ನು ಮೆಲ್ಲಗೆ ಬಲಕ್ಕೆ ಒತ್ತುತ್ತಿತ್ತು.

"ಸರಿ, ಈಗ ಪಕ್ಕಕ್ಕೆ ಬಾ" ಎಂದಳು ಅಮ್ಮ. "ನನಗೆ ಏನೂ ಕಾಣಿಸ್ತಿಲ್ಲ."